ಸೂಜಿ ಬ್ಯಾಡ್ರಿ, ಗುಳಿಗಿ ಕೊಡ್ರಿ

ಗೋಕಾಕ ಅಂದ ಕೂಡಲೇ ನಮ್ಮ ಕ್ಲಾಸಿನವರಿಗೆ ನೆನಪಾಗೋದು ಎರಡು: ಕರದಂಟು ಮತ್ತು ಫಾಲ್ಸ್. ಕನ್ನಡ ಸಂಘದವರಿಗೆ ಗೋಕಾಕ ಚಳವಳಿನೂ ನೆನಪಾಗುತ್ತೆ, ಆದರೆ ಅದು ಊರಿನಿಂದ ಬಂದ ಹೆಸರಲ್ಲ, ವಿ.ಕೃ. ಗೋಕಾಕರ ಸಮಿತಿ ಕೊಟ್ಟ ವರದಿಯಿಂದ ಬಂದ ಹೆಸರು. ಹುಕ್ಕೇರಿ ಅಂದ್ರೆ ಹಿಡಕಲ್ ಡ್ಯಾಮ್. ಮೂಡಲಗಿ ಅಂದ್ರೆ "ಅದೆಲ್ಲಿ ಬರುತ್ತೆ ಮಚ್ಚಾ?" ಅಂತ ಕೇಳ್ತಾರೆ. ಈ ಮೂರು ತಾಲ್ಲೂಕಿನ ಹಳ್ಳಿಗಳಿಂದ ಬಂದು ಹಾಸ್ಟೆಲ್ ಸೇರಿರೋ ನಾವು ಈ ಸಲ ಕರದಂಟಿನ ಬಗ್ಗೆ ಬರೀತಿಲ್ಲ. ನಮ್ಮ ಕಡೆ ಮನೆಮನೆಯವರೂ ಇಷ್ಟಪಟ್ಟು ಕೇಳಿ ಪಡೆಯೋ ಇನ್ನೊಂದು ವಸ್ತುವಿನ ಬಗ್ಗೆ ಬರೀತಿದ್ದೇವೆ: ಸೂಜಿ. ಅಂದರೆ ಇಂಜೆಕ್ಷನ್.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಬೇಡದ ಇಂಜೆಕ್ಷನ್ ನಿಲ್ಲಬೇಕು. ಅದನ್ನು ನಿಲ್ಲಿಸೋ ಕೆಲಸ ಡಾಕ್ಟರಿಗೆ ಬೈಯೋದರಿಂದಲ್ಲ, "ಸೂಜಿ ಮಾಡ್ರಿ" ಅಂತ ಕೇಳೋ ನಮ್ಮ ಮನೆಗಳಿಂದ ಶುರುವಾಗಬೇಕು. ಕಾರಣ ಹೆಪಟೈಟಿಸ್ ಸಿ.

ಹೆಸರಿಲ್ಲದ ರೋಗ

ನಮ್ಮ ಊರುಗಳಲ್ಲಿ ಲಿವರ್‌ನ ಯಾವ ರೋಗಕ್ಕೂ ಒಂದೇ ಹೆಸರು: ಕಾಮಣಿ. ಕಣ್ಣು ಹಳದಿ ಆದರೆ ಕಾಮಣಿ, ಮೂತ್ರ ಹಳದಿ ಆದರೆ ಕಾಮಣಿ. ಅದಕ್ಕೆ ಔಷಧವೂ ಎಲ್ಲರಿಗೂ ಗೊತ್ತು. ಒಂದು ಊರಲ್ಲಿ ಬೇರು ಅರೆದು ಕುಡಿಸ್ತಾರೆ, ಇನ್ನೊಂದು ಊರಲ್ಲಿ ಕೈಗೆ ಬರಿ ಹಾಕ್ತಾರೆ, ಎಣ್ಣಿ ಖಾರ ಬಿಡಿಸ್ತಾರೆ. ಎಷ್ಟೋ ಜನರಿಗೆ ಕಡಿಮೆನೂ ಆಗುತ್ತೆ. ಯಾಕಂದ್ರೆ ಕೊಳಕು ನೀರು, ಊಟದಿಂದ ಬರೋ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹೆಸರು ಮಾತ್ರ ಬರಿ ಹಾಕಿದವರಿಗೆ ಬರುತ್ತೆ.

ಹೆಪಟೈಟಿಸ್ ಸಿ ಈ ಲೆಕ್ಕಕ್ಕೆ ಸಿಗೋದೇ ಇಲ್ಲ. ಅದು ನೀರಿನಿಂದ ಬರಲ್ಲ, ರಕ್ತದಿಂದ ಬರುತ್ತೆ. ವೈರಸ್ ಒಳಗೆ ಹೋದ ಹೊಸದರಲ್ಲಿ ಹತ್ತರಲ್ಲಿ ಎಂಟು ಜನರಿಗೆ ಏನೂ ಗೊತ್ತಾಗಲ್ಲ. ಜ್ವರ ಇಲ್ಲ, ಹಳದಿ ಕಣ್ಣು ಇಲ್ಲ. ಸುಮಾರು ಶೇಕಡಾ 30 ಜನರ ದೇಹ ಆರು ತಿಂಗಳೊಳಗೆ ವೈರಸ್ಸನ್ನು ತಾನೇ ಹೊರಗೆ ಹಾಕುತ್ತೆ. ಉಳಿದ ಶೇಕಡಾ 70ರಷ್ಟು ಜನರಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತೆ. ಹಾಗೆ ಉಳಿದವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ 20 ವರ್ಷದೊಳಗೆ ಸಿರೋಸಿಸ್, ಅಂದರೆ ಲಿವರ್ ಗಂಟುಗಂಟಾಗಿ ಕೆಲಸ ನಿಲ್ಲಿಸೋ ಸ್ಥಿತಿ. ಕೆಲವರಿಗೆ ಲಿವರ್ ಕ್ಯಾನ್ಸರ್.

20 ವರ್ಷ ಅಂದ್ರೆ ನಮ್ಮ ವಯಸ್ಸಿಗಿಂತ ಒಂದು ವರ್ಷ ಜಾಸ್ತಿ. ನಾವು ಹುಟ್ಟಿದ ವರ್ಷ ನಮ್ಮ ಅಪ್ಪನಿಗೋ ಅವ್ವನಿಗೋ ತಗುಲಿದ್ದ ವೈರಸ್ ಈಗ, ನಾವು ಥರ್ಡ್ ಸೆಮ್ ಇಂಟರ್ನಲ್ಸ್ ಬರೀತಿರುವಾಗ, ತನ್ನ ಬಿಲ್ ಕಳಿಸಬಹುದು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಗೆ ಬಂದ ಮನುಷ್ಯನಿಗೆ ಜನ ಕೇಳೋ ಮೊದಲ ಪ್ರಶ್ನೆ "ಕುಡೀತಿದ್ದರೇನು?" ಅಂತ. ಒಂದು ತೊಟ್ಟು ಕುಡಿಯದವರಿಗೂ ಆ ಪ್ರಶ್ನೆ ತಪ್ಪಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಭಾರತದಲ್ಲಿ ಸುಮಾರು 55 ಲಕ್ಷ ಜನ ಹೆಪಟೈಟಿಸ್ ಸಿ ಇಟ್ಟುಕೊಂಡು ಬದುಕ್ತಿದ್ದಾರೆ. ಜಗತ್ತಿನಲ್ಲಿ 5 ಕೋಟಿ. ಇವರಲ್ಲಿ ಹೆಚ್ಚಿನವರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿಲ್ಲ.

ಯಾವುದರಿಂದ ಬರುತ್ತೆ, ಯಾವುದರಿಂದ ಬರಲ್ಲ

ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಬೇಕು. ಕಣ್ಣಿಗೆ ಕಾಣದಷ್ಟು ಚೂರು ಸಾಕು. ಈ ಒಂದು ನಿಯಮ ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಅದರಿಂದಲೇ ಬರುತ್ತೆ.

ಒಬ್ಬರಿಗೆ ಬಳಸಿದ ಸಿರಿಂಜನ್ನೇ ಇನ್ನೊಬ್ಬರಿಗೆ ಬಳಸಿದರೆ ಬರುತ್ತೆ. ಇಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ: "ಸೂಜಿ ಬದಲಿಸಿದಾರಲ್ಲ, ಸಾಕು" ಅಂತ. ಸಾಕಾಗಲ್ಲ. ಸೂಜಿ ಚುಚ್ಚಿ ಹೊರಗೆ ತೆಗೆಯುವಾಗ ಸ್ವಲ್ಪ ರಕ್ತ ಹಿಂದಕ್ಕೆ ಸಿರಿಂಜಿನೊಳಗೆ ಬರುತ್ತೆ. ಪಿಸ್ಟನ್ ಪೂರ್ತಿ ಒತ್ತಿದರೂ ಸೂಜಿಯ ಬುಡದಲ್ಲಿ ಒಂದಿಷ್ಟು ಜಾಗ ಉಳಿಯುತ್ತೆ. ನಾವು ಥರ್ಮೋದಲ್ಲಿ ಓದೋ ಕ್ಲಿಯರೆನ್ಸ್ ವಾಲ್ಯೂಮ್ ಇದ್ದ ಹಾಗೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಂಥ ಜಾಗ ಹೆಚ್ಚಿರೋ ಸಿರಿಂಜಿನೊಳಗೆ ಈ ವೈರಸ್ 63 ದಿನದವರೆಗೂ ಜೀವಂತ ಇತ್ತು. ಅದೇ ಸಿರಿಂಜನ್ನು ಔಷಧದ ದೊಡ್ಡ ಬಾಟಲಿಗೆ ಮತ್ತೆ ಅದ್ದಿದರೆ ಇಡೀ ಬಾಟಲಿ ಕೆಟ್ಟಂತೆ. ಆಮೇಲೆ ಹೊಸ ಸಿರಿಂಜ್ ಒಡೆದು ಆ ಬಾಟಲಿಯಿಂದ ತೆಗೆದರೂ ಪ್ರಯೋಜನ ಇಲ್ಲ. ಇದು ಹಳ್ಳಿ ದವಾಖಾನಿಯ ಕತೆ ಮಾತ್ರ ಅಂದುಕೊಳ್ಳಬೇಡಿ. 2008ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಇದೇ ರೀತಿ ಬಾಟಲಿ ಹಂಚಿಕೊಂಡ ಕಾರಣಕ್ಕೆ ಸುಮಾರು 40,000 ಜನರಿಗೆ "ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ" ಅಂತ ಪತ್ರ ಹೋಗಿತ್ತು.

ಪರೀಕ್ಷೆ ಮಾಡದ ರಕ್ತ ಹಾಕಿಸಿಕೊಂಡರೆ ಬರುತ್ತೆ. ನಮ್ಮ ದೇಶದ ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಆಗಿ ಪಕ್ಕಾ ಆಗಿದ್ದು ಈ ಶತಮಾನದ ಆರಂಭದಲ್ಲಿ. ಅದಕ್ಕಿಂತ ಮೊದಲು ಹೆರಿಗೆಯಲ್ಲೋ ಆಪರೇಷನ್‌ನಲ್ಲೋ ರಕ್ತ ಹಾಕಿಸಿಕೊಂಡ ನಮ್ಮ ಅಜ್ಜಿ, ದೊಡ್ಡವ್ವಂದಿರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳೋದು ಒಳ್ಳೇದು. ಡಯಾಲಿಸಿಸ್ ಮಾಡಿಸಿಕೊಳ್ಳೋರಿಗೆ ರಿಸ್ಕ್ ಇದೆ, ಯಾಕಂದ್ರೆ ವಾರಕ್ಕೆ ಎರಡು ಮೂರು ಸಲ ಅವರ ರಕ್ತ ಹೊರಗೆ ಬಂದು ಮಷೀನಿನ ಮೂಲಕ ಒಳಗೆ ಹೋಗುತ್ತೆ. ನಶೆಯ ಇಂಜೆಕ್ಷನ್ ಹಂಚಿಕೊಳ್ಳೋರಿಗೆ ಎಲ್ಲಕ್ಕಿಂತ ಹೆಚ್ಚು. ಜಾತ್ರೆಯಲ್ಲಿ ಒಂದೇ ಸೂಜಿ, ಒಂದೇ ಇಂಕಿನ ಬಟ್ಟಲಿನಿಂದ ಹತ್ತು ಜನರ ಕೈಮೇಲೆ ಹಚ್ಚೆ ಹಾಕಿದರೆ ಬರಬಹುದು. ಕಟಿಂಗ್ ಅಂಗಡಿಯಲ್ಲಿ ಬ್ಲೇಡ್ ಬದಲಿಸದೆ ದಾಡಿ ಮಾಡಿಸಿಕೊಂಡರೆ ಬರಬಹುದು. ಸೋಂಕಿರೋ ತಾಯಿಯಿಂದ ಮಗುವಿಗೆ ನೂರರಲ್ಲಿ ಐದಾರು ಹೆರಿಗೆಗಳಲ್ಲಿ ಬರುತ್ತೆ. ಲೈಂಗಿಕ ಸಂಪರ್ಕದಿಂದ ಬರೋದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಯಾವುದರಿಂದ ಬರಲ್ಲ ಅನ್ನೋದನ್ನೂ ಅಷ್ಟೇ ಜೋರಾಗಿ ಹೇಳಬೇಕು. ಒಂದೇ ತಾಟಿನಲ್ಲಿ ಉಂಡರೆ ಬರಲ್ಲ. ಒಂದೇ ಲೋಟದಲ್ಲಿ ಚಹಾ ಕುಡಿದರೆ ಬರಲ್ಲ. ಕೈ ಕುಲುಕಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಬರಲ್ಲ. ಎದೆಹಾಲಿನಿಂದ ಬರಲ್ಲ.

ನಮ್ಮಲ್ಲೊಬ್ಬನ ಸೋದರಮಾವನಿಗೆ ಹರ್ನಿಯಾ ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಯ್ತು. ಐವತ್ತರ ಹತ್ತಿರದ ಮನುಷ್ಯ, ಜೀವನಪೂರ್ತಿ ಕಬ್ಬಿನ ಗದ್ದೆಯಲ್ಲಿ ದುಡಿದವರು. ಮನೆಯವರು ಮೊದಲು ಮಾಡಿದ ಕೆಲಸ ಅವರ ತಾಟು, ಲೋಟ ಬೇರೆ ಇಟ್ಟಿದ್ದು. ಎರಡನೆಯದು, "ಯಾರ ಮುಂದೂ ಹೇಳಬ್ಯಾಡ್ರಿ, ಹುಡುಗಿ ಮದುವಿ ಐತಿ" ಅಂತ ಎಲ್ಲರ ಬಾಯಿ ಮುಚ್ಚಿಸಿದ್ದು. ಮೂರನೆಯದು, ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ದು. ಈ ಮೂರನೆಯದು ಮೊದಲನೆಯದಾಗಬೇಕಿತ್ತು. ತಾಟು ಬೇರೆ ಇಟ್ಟದ್ದರಿಂದ ಯಾರಿಗೂ ರಕ್ಷಣೆ ಸಿಗಲಿಲ್ಲ. ಆ ಮನುಷ್ಯ ಮಾತ್ರ ತನ್ನ ಮನೆಯಲ್ಲೇ ಮೂಲೆಗೆ ಬಿದ್ದ.

ನಾವು ಸೂಜಿ ಯಾಕೆ ಕೇಳ್ತೀವಿ

ನಮ್ಮ ಕಡೆಯ ದವಾಖಾನಿಯಲ್ಲಿ ಸಂಜೆ ಹೊತ್ತು ಕೂತರೆ ಒಂದೇ ಮಾತು ಕೇಳಿಸುತ್ತೆ: "ಡಾಕ್ಟ್ರ, ಒಂದು ಸೂಜಿ ಮಾಡ್ರಿ." ನೆಗಡಿಗೆ ಸೂಜಿ, ಮೈಕೈ ನೋವಿಗೆ ಸೂಜಿ, ಸುಸ್ತಾದರೆ ಸಲಾಯಿನ್. ಗುಳಿಗಿ ಅಷ್ಟೇ ಕೊಟ್ಟು ಕಳಿಸಿದ ಡಾಕ್ಟರು "ಏನೂ ನೋಡಂಗಿಲ್ಲ ಅವ" ಅನ್ನಿಸಿಕೊಳ್ತಾರೆ. ಸೂಜಿ ಮಾಡಿದವರು "ಕೈಗುಣ ಛಲೋ ಐತಿ" ಅನ್ನಿಸಿಕೊಳ್ತಾರೆ.

ಇದನ್ನು ಅಜ್ಞಾನ ಅಂತ ತಳ್ಳಿಹಾಕೋದು ಸುಲಭ. ನಮಗೆ ಹಾಗೆ ಅನ್ನಿಸಲ್ಲ. ಕಬ್ಬಿನ ಕಟಾವಿಗೆ ಹೋಗೋರಿಗೆ ಒಂದು ದಿನ ರಜೆ ಅಂದ್ರೆ ಒಂದು ದಿನದ ಕೂಲಿ ಹೋಯ್ತು. ನಾಳೆ ಬೆಳಿಗ್ಗೆ ಎದ್ದು ಹೋಗಲೇಬೇಕು ಅನ್ನೋ ಮನುಷ್ಯನಿಗೆ ಮೂರು ದಿನದ ಗುಳಿಗಿಗಿಂತ ಈ ರಾತ್ರಿಯ ಸೂಜಿ ಲಾಭ ಅನ್ನಿಸುತ್ತೆ. ಅವರ ಲೆಕ್ಕ ತಪ್ಪಲ್ಲ. ಆ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಕಾಣ್ತಿಲ್ಲ, ಯಾಕಂದ್ರೆ ಅದು 20 ವರ್ಷ ಆದಮೇಲೆ ಬರೋ ಅಂಕಿ.

2000ದ ದಶಕದ ಆರಂಭದಲ್ಲಿ ದೇಶಾದ್ಯಂತ ನಡೆದ ಇಂಡಿಯಾಕ್ಲೆನ್ ಅಧ್ಯಯನದಲ್ಲಿ ಮೂರರಲ್ಲಿ ಸುಮಾರು ಎರಡು ಇಂಜೆಕ್ಷನ್ ಸುರಕ್ಷಿತವಲ್ಲ ಅಂತ ಕಂಡುಬಂತು. ಕೆಲವು ಸರಿಯಾಗಿ ಸ್ಟೆರಿಲೈಜ್ ಆಗಿರಲಿಲ್ಲ, ಕೆಲವು ಕೊಡೋ ರೀತಿಯೇ ತಪ್ಪಿತ್ತು. ಅವತ್ತಿಗೂ ಇವತ್ತಿಗೂ ಬಹಳ ಸುಧಾರಣೆ ಆಗಿದೆ, ಡಿಸ್ಪೋಸಬಲ್ ಸಿರಿಂಜ್ ಎಲ್ಲ ಕಡೆ ಸಿಗುತ್ತೆ, ಬೆಲೆಯೂ ಕಡಿಮೆ. ಆದರೂ ಆಪತ್ತು ಮುಗಿದಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಮರುಬಳಕೆ ಸಿರಿಂಜಿನಿಂದ ಹೆಪಟೈಟಿಸ್ ಬಿ ಹರಡಿ ಎಷ್ಟೋ ಜನ ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮಾವ್‌ನಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಇರೋದು ಗೊತ್ತಾಯ್ತು. ಅಗ್ಗದ ದರಕ್ಕೆ ಮನೆ ಬಾಗಿಲಿಗೇ ಬಂದು ಒಂದೇ ಸಿರಿಂಜಿನಲ್ಲಿ ಇಂಜೆಕ್ಷನ್ ಕೊಡ್ತಿದ್ದ ನಕಲಿ ವೈದ್ಯನ ಮೇಲೆ ಕೇಸು ಬಿತ್ತು. ವೈರಸ್ ಬೇರೆ ಬೇರೆ, ದಾರಿ ಒಂದೇ.

ಒಳ್ಳೆ ಮನಸ್ಸಿನಿಂದ ಆದ ಅನಾಹುತ

ಇದೆಲ್ಲ ನಕಲಿ ಡಾಕ್ಟರುಗಳ ತಪ್ಪು ಅನ್ನೋರಿಗೆ ಈಜಿಪ್ಟಿನ ಕತೆ ಹೇಳಬೇಕು. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ಕೆಲಸ ಮಾಡೋ ರೈತರಿಗೆ ಬಿಲ್ಹಾರ್ಜಿಯಾ ಅನ್ನೋ ಹುಳದ ರೋಗ ಬರ್ತಿತ್ತು. ಅದನ್ನು ಓಡಿಸೋಕೆ 1950ರ ದಶಕದಿಂದ 1980ರ ದಶಕದವರೆಗೆ ಸರ್ಕಾರವೇ ಹಳ್ಳಿಹಳ್ಳಿಗೆ ಹೋಗಿ ಇಂಜೆಕ್ಷನ್ ಕೊಟ್ಟಿತು. ಗಾಜಿನ ಸಿರಿಂಜುಗಳು, ಸರಿಯಾಗಿ ಕುದಿಸಲು ಪುರುಸೊತ್ತಿಲ್ಲ, ಸಾಲಿನಲ್ಲಿ ನೂರಾರು ಜನ. ಹೆಪಟೈಟಿಸ್ ಸಿ ವೈರಸ್ ಅನ್ನೋದೊಂದು ಇದೆ ಅಂತಲೇ ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಗುರುತಿಸಿದ್ದು 1989ರಲ್ಲಿ. ಆ ಕೆಲಸಕ್ಕೆ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರೋ ದೇಶ ಈಜಿಪ್ಟ್ ಆಗಿತ್ತು.

ಕತೆ ಅಲ್ಲಿಗೆ ಮುಗಿಯಲ್ಲ. ಅದೇ ದೇಶ 2018ರಲ್ಲಿ ಹಟ ಹಿಡಿದು ಸುಮಾರು 5 ಕೋಟಿ ಜನರನ್ನು ಒಂದು ವರ್ಷದೊಳಗೆ ಪರೀಕ್ಷೆ ಮಾಡಿತು, ಸೋಂಕಿದ್ದವರಿಗೆ ಉಚಿತವಾಗಿ ಗುಳಿಗಿ ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಪಟೈಟಿಸ್ ಸಿ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ಮಟ್ಟ ಮುಟ್ಟಿದ ಮೊದಲ ದೇಶ ಅಂತ ಅದನ್ನು ಗುರುತಿಸಿತು. ಸೂಜಿಯಿಂದ ಬಂದದ್ದನ್ನು ಗುಳಿಗಿಯಿಂದ ಓಡಿಸಿದರು.

ನಮಗೆ ಇದರಿಂದ ಕಾಣೋದು ಎರಡು ಮಾತು. ಒಂದು, ಸಿಸ್ಟಮ್ ಕೆಟ್ಟಿದ್ದರೆ ಒಳ್ಳೆಯ ಮನುಷ್ಯರ ಕೈಯಿಂದಲೂ ರೋಗ ಹರಡುತ್ತೆ. ಎರಡು, ಸಿಸ್ಟಮ್ ಸರಿ ಮಾಡಿದರೆ ಎಷ್ಟು ಹದಗೆಟ್ಟಿದ್ದರೂ ರಿಪೇರಿ ಆಗುತ್ತೆ.

ಬೈದರೆ ಮುಗೀತಾ?

ಹಳ್ಳಿಯಲ್ಲಿ ಡಿಗ್ರಿ ಇಲ್ಲದೆ ಇಂಜೆಕ್ಷನ್ ಕೊಡೋರನ್ನೆಲ್ಲ ನಾಳೆ ಬೆಳಿಗ್ಗೆ ಹಿಡಿದು ಬಾಗಿಲು ಮುಚ್ಚಿಸಿ ಅಂತ ಬರೆಯೋದು ಸುಲಭ. ಕಾನೂನೂ ಇದೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಮೇಲಿನ ಕರ್ನಾಟಕದ ಕಾಯ್ದೆ 2007ರದ್ದು. ಅದು ಜಾರಿಯಾಗಬೇಕು, ಅನುಮಾನ ಇಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಮಗುವಿಗೆ ಜ್ವರ ಬಂದಾಗ, ಕೊನೆ ಬಸ್ ಹೋದಮೇಲೆ, ಬಾಗಿಲು ತೆರೆಯೋ ಒಬ್ಬನೇ ಮನುಷ್ಯ ಅವನಾಗಿರ್ತಾನೆ. ಅವನನ್ನು ತೆಗೆದು ಆ ಜಾಗದಲ್ಲಿ ಏನೂ ಇಡದಿದ್ದರೆ ಅವನು ಮುಂದಿನ ಊರಿಗೆ ಹೋಗ್ತಾನೆ, ಅಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಜೆ ಹೊತ್ತೂ ಯಾರಾದರೂ ಇರಬೇಕು ಅನ್ನೋ ಬೇಡಿಕೆ ಅವನ ಬಾಗಿಲು ಮುಚ್ಚಿಸೋ ಬೇಡಿಕೆಯ ಜೊತೆಗೇ ಹೋಗಬೇಕು.

ಹಾಗೇ ಕಟಿಂಗ್ ಅಂಗಡಿಯವರನ್ನೋ ಹಚ್ಚೆ ಹಾಕೋರನ್ನೋ ರೋಗ ಹರಡೋರು ಅಂತ ನೋಡೋದು ಬೇಡ. "ಕಾಕಾ, ಬ್ಲೇಡ್ ಹೊಸಾದು ಹಾಕ್ರಿ" ಅಂದರೆ ಯಾರೂ ಬೇಜಾರಾಗಲ್ಲ. ನಮ್ಮ ಕಣ್ಣೆದುರೇ ಕವರ್ ಒಡೆದು ಹಾಕ್ತಾರೆ.

ಎಂಜಿನಿಯರ್‌ಗಳಿಗೆ ಇಲ್ಲೇನು ಕೆಲಸ

ಬ್ರಿಟನ್ನಿನ ಮಾರ್ಕ್ ಕೋಸ್ಕಾ ಅನ್ನೋರು ಡಾಕ್ಟರಲ್ಲ. 1984ರಲ್ಲಿ ಸಿರಿಂಜ್ ಮರುಬಳಕೆಯಿಂದ ಎಚ್‌ಐವಿ ಹರಡಬಹುದು ಅಂತ ಪತ್ರಿಕೆಯಲ್ಲಿ ಓದಿ, ಮರುಬಳಕೆ ಮಾಡೋಕೇ ಆಗದ ಸಿರಿಂಜ್ ಮಾಡ್ತೀನಿ ಅಂತ ಹೊರಟರು. ಅವರ ಡಿಸೈನ್ ತುಂಬಾ ಸರಳ. ಸಿರಿಂಜಿನ ಒಳಗೋಡೆಗೆ ಒಂದು ಸಣ್ಣ ಉಂಗುರ, ಪಿಸ್ಟನ್ನಿನ ಕಡ್ಡಿಯಲ್ಲಿ ಒಂದು ದುರ್ಬಲ ಜಾಗ. ಒಮ್ಮೆ ಪೂರ್ತಿ ಒತ್ತಿದ ಮೇಲೆ ಪಿಸ್ಟನ್ ಲಾಕ್ ಆಗುತ್ತೆ, ಹಿಂದಕ್ಕೆ ಎಳೆದರೆ ಮುರಿಯುತ್ತೆ. ಇರೋ ಮಷೀನುಗಳಲ್ಲೇ ಹೆಚ್ಚು ಖರ್ಚಿಲ್ಲದೆ ಮಾಡಬಹುದು. ಆದರೆ ಮೊದಲ ಸಿರಿಂಜ್ ಮಾರಾಟವಾಗಿದ್ದು 2001ರಲ್ಲಿ, 17 ವರ್ಷ ಆದಮೇಲೆ. ಇಂಥ ಆಟೋ ಡಿಸೇಬಲ್ ಸಿರಿಂಜುಗಳೇ ಈಗ ನಮ್ಮ ದೇಶದ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಬಳಕೆಯಲ್ಲಿವೆ. ಮಗುವಿನ ಲಸಿಕೆಗೆ ಬೇಕಾದ ಸುರಕ್ಷತೆ ಅದರ ಅಜ್ಜನ ಮೊಣಕಾಲು ನೋವಿನ ಇಂಜೆಕ್ಷನ್‌ಗೆ ಯಾಕೆ ಬೇಡ ಅನ್ನೋದು ನಮ್ಮ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಚಿಕಿತ್ಸೆಯ ಇಂಜೆಕ್ಷನ್‌ಗೂ ಇಂಥ ಸಿರಿಂಜೇ ಬೇಕು ಅಂತ ಹೇಳಿದೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯೂಸರ್ ಎಚ್ಚರಿಕೆಯಿಂದ ಇರಲಿ ಅಂತ ಮ್ಯಾನ್ಯುವಲ್‌ನಲ್ಲಿ ಬರೆಯೋದಕ್ಕಿಂತ ತಪ್ಪು ಮಾಡೋಕೇ ಆಗದ ಹಾಗೆ ಡಿಸೈನ್ ಮಾಡೋದು ಮೇಲು. ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಇಲ್ಲ ಅಂತ ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋ ಮಾಡೋ ಬದಲು ಹಳ್ಳಿ ದವಾಖಾನಿಗೆ ಅಗ್ಗದ ಸೂಜಿ ಕಟರ್ ಮಾಡಬಹುದಲ್ಲ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಸೂಜಿ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜ್ ಕೆಂಪು ಚೀಲಕ್ಕೆ ಅಂತ ಸ್ಪಷ್ಟವಾಗಿದೆ. ನಿಯಮ ಇದೆ, ಅದನ್ನು ಸುಲಭ ಮಾಡೋ ಸಾಮಾನು ಬೇಕು.

ಔಷಧ ಇದೆ, ಅದೂ ಉಚಿತ

ಹೆಪಟೈಟಿಸ್ ಸಿ ಗೆ ಲಸಿಕೆ ಇಲ್ಲ. ಆದರೆ ಗುಣವಾಗುತ್ತೆ. ಮೊದಲು ತಿಂಗಳುಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್ ಇತ್ತು, ಅದರ ಸೈಡ್ ಎಫೆಕ್ಟ್ ತಡೆಯೋದೇ ಕಷ್ಟ ಇತ್ತು. 2013ರ ಕೊನೆಗೆ ಅಮೆರಿಕದಲ್ಲಿ ಸೊಫೋಸ್‌ಬುವಿರ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಒಂದು ಮಾತ್ರೆಗೆ 1000 ಡಾಲರ್, 12 ವಾರದ ಕೋರ್ಸಿಗೆ 84,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 50 ಲಕ್ಷ ರೂಪಾಯಿ. 2014ರಲ್ಲಿ ಭಾರತದ ಕಂಪನಿಗಳಿಗೆ ಅದನ್ನು ತಯಾರಿಸೋ ಲೈಸೆನ್ಸ್ ಸಿಕ್ಕಮೇಲೆ ಬೆಲೆ ಧಡಾರನೆ ಇಳಿಯಿತು. 2018ರ ಜುಲೈ 28ಕ್ಕೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಅದರಡಿ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯವಾಗಿ 12 ವಾರ ದಿನಾ ಮಾತ್ರೆ, ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿ. ಲಿವರ್ ಕೆಡೋದಕ್ಕೆ ಮುಂಚೆ ಗೊತ್ತಾಗಬೇಕು, ಅಷ್ಟೇ.

ಪರೀಕ್ಷೆ ಎರಡು ಹಂತ. ಮೊದಲನೆಯದು ಆಂಟಿಬಾಡಿ ಟೆಸ್ಟ್. ಅದು ಪಾಸಿಟಿವ್ ಬಂದರೆ "ವೈರಸ್ ಎಂದೋ ಬಂದಿತ್ತು" ಅಂತ ಮಾತ್ರ ಅರ್ಥ. ಈಗಲೂ ಇದೆಯಾ ಅಂತ ಹೇಳೋದು ಎರಡನೆಯದು, ಆರ್‌ಎನ್‌ಎ ಟೆಸ್ಟ್. ವಾಸಿಯಾದ ಮೇಲೂ ಆಂಟಿಬಾಡಿ ಪಾಸಿಟಿವ್ ತೋರಿಸ್ತಾನೇ ಇರುತ್ತೆ. ಅದನ್ನು ನೋಡಿ ಗಾಬರಿಯಾಗೋದೂ ಬೇಡ, ಮೊದಲನೆಯದಕ್ಕೇ ನಿಲ್ಲಿಸೋದೂ ಬೇಡ. ಒಮ್ಮೆ ವಾಸಿಯಾದರೆ ಮತ್ತೆ ಬರಲ್ಲ ಅಂತಲೂ ಇಲ್ಲ. ಅದೇ ಹಳೇ ಸಿರಿಂಜ್ ಮತ್ತೆ ಚುಚ್ಚಿದರೆ ಮತ್ತೆ ಬರುತ್ತೆ.

ನಾವು ಕೇಳೋದು

ನಮ್ಮ ಸಂಘಕ್ಕೆ: ರಾಜ್ಯೋತ್ಸವಕ್ಕೆ ಬ್ಯಾನರ್ ಬರೆಯೋ ಕೈಗಳಿಂದ ಒಂದು ಪೋಸ್ಟರ್ ಬರೆಯೋಣ. "ಯಕೃತ್ತಿನ ಉರಿಯೂತ" ಅಂತ ಬರೆದರೆ ನಮ್ಮ ಅಜ್ಜಿಗೆ ತಿಳಿಯಲ್ಲ, ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೂ ತಿಳಿಯಲ್ಲ. "ಕಾಮಣಿ ಕಾಣದ ಕಾಮಣಿ" ಅಂತ ಬರೆದರೆ ಇಬ್ಬರಿಗೂ ತಿಳಿಯುತ್ತೆ. ಕನ್ನಡ ಉಳಿಸೋದು ಅಂದ್ರೆ ಇಂಥ ಕೆಲಸಕ್ಕೆ ಕನ್ನಡ ಬಳಸೋದೂ ಹೌದು.

ಕ್ಯಾಂಪಸ್ಸಿಗೆ: ರಕ್ತದಾನ ಶಿಬಿರದಲ್ಲಿ ಕೊಟ್ಟ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಅಂತ ಐದು ಪರೀಕ್ಷೆ ಆಗುತ್ತೆ. ಸರ್ಟಿಫಿಕೇಟ್ ಮತ್ತು ಜ್ಯೂಸ್ ತಗೊಂಡು ಬರೋ ನಾವು ಫಾರ್ಮ್‌ನಲ್ಲಿ ಸರಿಯಾದ ಫೋನ್ ನಂಬರ್ ಬರೆಯೋಣ, ಕರೆ ಬಂದರೆ ಹೋಗೋಣ. ಹೊಸ ಟ್ಯಾಟೂ ಹಾಕಿಸಿಕೊಂಡಿದ್ದರೆ ಫಾರ್ಮ್‌ನಲ್ಲಿ ಮುಚ್ಚಿಡೋದು ಬೇಡ. ಹಾಸ್ಟೆಲ್‌ನಲ್ಲಿ ಚಾರ್ಜರ್ ಹಂಚಿಕೊಳ್ಳೋಣ, ರೇಜರ್ ಬೇಡ.

ಮೂರು ತಾಲ್ಲೂಕಿನ ಹಿರಿಯರಿಗೆ: ಗೋಕಾಕದಲ್ಲಿ ಘಟಪ್ರಭೆಯ ನೀರಿನಿಂದ ಕರೆಂಟ್ ತೆಗೆದವರು ನೀವು. ಹುಕ್ಕೇರಿಯಲ್ಲಿ ಕರೆಂಟ್ ಹಂಚೋಕೆ ತಮ್ಮದೇ ಸಹಕಾರಿ ಸಂಘ ಕಟ್ಟಿ ನಡೆಸ್ತಿರೋರು ನೀವು. ಜಾತ್ರೆಗೆ ಊಟ, ನೀರು, ಪಾರ್ಕಿಂಗ್ ಎಲ್ಲ ವ್ಯವಸ್ಥೆ ಮಾಡೋ ಕಮಿಟಿ ಒಂದು ಪರೀಕ್ಷಾ ಟೇಬಲ್ ಹಾಕಿಸೋಕೆ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಕೊಟ್ಟರೆ ಏನು ಕಷ್ಟ?

ಕೊನೆಗೆ ನಮಗೇ: ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಮೂರು ಪ್ರಶ್ನೆ ಕೇಳೋಣ. ಹಿಂದೆ ಯಾವಾಗಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಡಯಾಲಿಸಿಸ್, ದೊಡ್ಡ ಆಪರೇಷನ್ ಆಗಿದೆಯಾ? ಗಾಜಿನ ಸಿರಿಂಜಿನ ಕಾಲದಿಂದ ಎಷ್ಟು ಸೂಜಿ ಮಾಡಿಸಿಕೊಂಡಿದ್ದೀರಿ? ಯಾವುದಕ್ಕಾದರೂ "ಹೌದು", "ಬಾಳ" ಅಂತ ಉತ್ತರ ಬಂದರೆ ಒಂದು ಪರೀಕ್ಷೆ. ಆಮೇಲೆ ದವಾಖಾನಿಗೆ ಜೊತೆಯಲ್ಲಿ ಹೋಗಿ, ಅವ್ವ ಬಾಯಿ ತೆರೆಯೋದಕ್ಕೆ ಮುಂಚೆ ನಾವೇ ಹೇಳೋಣ: "ಡಾಕ್ಟ್ರ, ಸೂಜಿ ಬ್ಯಾಡ್ರಿ, ಗುಳಿಗಿ ಕೊಡ್ರಿ. ಸೂಜಿ ಬೇಕೇ ಬೇಕಂದ್ರ ನಮ್ಮ ಮುಂದ ಹೊಸಾ ಸಿರಿಂಜ್ ಒಡೀರಿ."